ಲಿಸ್ಟ್ ಆಮೇಲೆ, ಮೊದಲು ಸಂಬಳದ ಸಾಲು ತುಂಬಿ

ನಿಮ್ಮ ಪ್ರಶ್ನೆ ಓದಿ ನಗುವೂ ಬಂತು, ಸಂಕಟವೂ ಆಯಿತು. ಊರಿನ ಹುಡುಗರು ಸೇರಿ ಸಂಜೆ ಹೊತ್ತು ಮಕ್ಕಳ ಓದುವ ಕೇಂದ್ರ ನಡೆಸುತ್ತಿದ್ದೀರಿ. ಗ್ರಾಂಟ್ ಕೊಡುವವರ ಲಿಸ್ಟ್ ಬೇಕು. ಒಬ್ಬರು ಶೇ 10 ಕಮಿಷನ್‌ಗೆ ಪ್ರೊಪೋಸಲ್ ಬರೆದುಕೊಡುತ್ತೇನೆ ಅಂದಿದ್ದಾರೆ. ಅಷ್ಟೇ ಅಲ್ವಾ? ಊರಿನ ಹೆಸರು ಬದಲಿಸಿದರೆ ಇದು ನಮ್ಮದೇ ಕಥೆ.

ನಮ್ಮದು ಹಾವೇರಿ ಜಿಲ್ಲೆಯ ಒಂದು ಊರು. ಹೊಟ್ಟೆಪಾಡಿಗೆ ನನ್ನದು ಮೊಬೈಲ್ ರಿಪೇರಿ ಅಂಗಡಿ. ಜೊತೆಗೆ ಊರಿನ ಸಂಘದ ಕಾರ್ಯದರ್ಶಿ. ಸಂಘ ಶುರುವಾಗಿದ್ದು ಗಣೇಶನ ಹಬ್ಬಕ್ಕೆ. ಆಮೇಲೆ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಮಾಡಿಸಿದೆವು. ಹಳೇ ಅಂಗನವಾಡಿ ಕೋಣೆ ಖಾಲಿ ಬಿದ್ದಿತ್ತು, ಪಂಚಾಯಿತಿಯವರು ಬಾಯಿಮಾತಿನಲ್ಲಿ ಬಳಸಿಕೊಳ್ಳಿ ಅಂದರು. ಬಿಎ ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿ ಸಂಜೆ ಬಂದು ಮಕ್ಕಳಿಗೆ ಕಥೆ ಓದಿ ಹೇಳುತ್ತಿದ್ದಳು. ದುಡ್ಡು ಕೇಳುತ್ತಿರಲಿಲ್ಲ. ನಾವೂ ಕೊಡುತ್ತಿರಲಿಲ್ಲ. ಅದನ್ನೇ ದೊಡ್ಡ ಹೆಮ್ಮೆ ಅಂದುಕೊಂಡಿದ್ದೆವು.

ಒಂದು ಸಿಎಸ್‌ಆರ್ ಗ್ರಾಂಟ್, ಅಂದರೆ ಕಾಯ್ದೆಯ ಪ್ರಕಾರ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣದ ವಿಷಯ, ನಮ್ಮ ಅಧ್ಯಕ್ಷರ ಅಳಿಯನಿಂದ ಗೊತ್ತಾಯಿತು. ನಾಲ್ಕೂವರೆ ಲಕ್ಷ, ಎರಡು ಕಂತು. ಸಂಘಕ್ಕೆ 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ) ಎರಡೂ ಇದ್ದವು, ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳ ನೋಂದಣಿಯ ಸಿಎಸ್‌ಆರ್-1 ಫಾರ್ಮ್ ಕೂಡ ತುಂಬಿದ್ದೆವು. ಪ್ರೊಪೋಸಲ್ ಬರೆದವನು ನಾನೇ. ಪುಸ್ತಕಕ್ಕೆ ಇಷ್ಟು, ಕಪಾಟಿಗೆ ಇಷ್ಟು, ಚಾಪೆ, ಯುಪಿಎಸ್, ಶಿಬಿರ, ಪ್ರಿಂಟಿಂಗ್. ಸಿಬ್ಬಂದಿ ವೆಚ್ಚ ಅನ್ನುವ ಕಡೆ ದೊಡ್ಡದಾಗಿ ಸೊನ್ನೆ ಹಾಕಿದೆ.

ಇಲ್ಲೇ ಕೆಟ್ಟಿದ್ದು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರಾದರೂ ಓದಿ. ನೀವೂ ಇದನ್ನೇ ಮಾಡುತ್ತೀರಿ ಅಂತ ನಿಮ್ಮ ಪ್ರಶ್ನೆಯ "ನಮ್ಮಲ್ಲಿ ಎಲ್ಲರೂ ಉಚಿತವಾಗಿ ದುಡಿಯುತ್ತೇವೆ" ಅನ್ನುವ ಸಾಲು ನೋಡಿದರೇ ಗೊತ್ತಾಗುತ್ತದೆ.

ಆ ಸೊನ್ನೆಗೆ ಎರಡು ಕಾರಣ ಇದ್ದವು. ಒಂದು, ಸಂಬಳ ಕೇಳಿದರೆ ನಾವು ಸೇವೆ ಮಾಡುವವರಲ್ಲ, ದುಡ್ಡು ಹೊಡೆಯುವವರು ಅಂತ ಕಂಪನಿಯವರು ಅಂದುಕೊಳ್ಳುತ್ತಾರೆ ಅನ್ನುವ ಅಂಜಿಕೆ. ಎರಡು, "ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ಶೇ 5 ದಾಟಬಾರದು, ಅದಕ್ಕೇ ಸಂಬಳ ಹಾಕಲೇಬೇಡಿ" ಅಂತ ತಿಳಿದವರೊಬ್ಬರು ಹೇಳಿದ್ದರು. ಈ ಮಾತು ಈಗಲೂ ಎಲ್ಲ ಕಡೆ ಓಡಾಡುತ್ತದೆ. ಶುದ್ಧ ತಪ್ಪು. ಶೇ 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆಯೊಳಗೆ ನೇರವಾಗಿ ದುಡಿಯುವವರ ಸಂಬಳ ಯೋಜನೆಯದೇ ವೆಚ್ಚ. ಮಕ್ಕಳಿಗೆ ಓದಿಸುವವಳು ಆಡಳಿತ ಹೇಗಾಗುತ್ತಾಳೆ ಹೇಳಿ. ಅವಳೇ ಅಲ್ಲವಾ ಯೋಜನೆ? ನಾವು ಅವಳನ್ನು ಬಿಟ್ಟು ಕಪಾಟು ಕೇಳಿದ್ದು, ಬಸ್ ಕೊಡಿ, ಡ್ರೈವರ್ ಬೇಡ ಅಂದ ಹಾಗಾಯಿತು.

ಮೊದಲ ಕಂತು ಬಂತು. ಫೋಟೋ ತೆಗೆಸಿಕೊಂಡೆವು, ಫ್ಲೆಕ್ಸ್ ಹಾಕಿದೆವು. ಸ್ವಲ್ಪ ದಿನಕ್ಕೆ ಆ ಹುಡುಗಿಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು, ಹೋದಳು. ಹೋಗಲೇಬೇಕು. ಅವಳ ಜಾಗಕ್ಕೆ ಉಚಿತವಾಗಿ ಬರುವವರು ಯಾರೂ ಇರಲಿಲ್ಲ. ಸಂಘದ ಗಂಡಸರೆಲ್ಲ ಸಂಜೆ ಅಂಗಡಿ, ಹೊಲ, ಡೈರಿ ಅಂತ ಕೈಕೊಟ್ಟೆವು. ಕೊನೆಗೆ ಊರಿನ ಒಬ್ಬ ಹೆಣ್ಣುಮಗಳು ತಿಂಗಳಿಗೆ 6,000 ಕೊಟ್ಟರೆ ಬರುತ್ತೇನೆ ಅಂದಳು. ನ್ಯಾಯವಾದ ಮಾತೇ. ಆದರೆ ಬಜೆಟ್‌ನಲ್ಲಿ ಆ ಸಾಲಿನಲ್ಲಿ ಸೊನ್ನೆ ಇದೆ.

ಅಧ್ಯಕ್ಷರು ಅಂದರು, "ಕಪಾಟಿನ ದುಡ್ಡಲ್ಲಿ ಕೊಡೋಣ. ಎಲ್ಲಾ ಮಕ್ಕಳಿಗೇ ತಾನೆ ಹೋಗೋದು?" ನಾನು ಹೂಂ ಅಂದೆ. ಆರು ಕಪಾಟಿನ ಬದಲು ಎರಡು ಮಾಡಿಸಿದೆವು. ಬಡಗಿ ಪಾಪ ಒಳ್ಳೆ ಮನಸ್ಸಿನಿಂದಲೇ, "ಆರಕ್ಕೂ ಬಿಲ್ ಬರೆದುಕೊಡ್ಲಾ?" ಅಂತ ಕೇಳಿದ. ಬೇಡ ಅಂದೆವು. ಅಷ್ಟರ ಮಟ್ಟಿಗೆ ಪ್ರಾಮಾಣಿಕರು! ಆದರೆ ದುಡ್ಡು ಕೊಟ್ಟವರಿಗೆ ಒಂದು ಮೇಲ್ ಹಾಕಿ "ನಮ್ಮ ಪರಿಸ್ಥಿತಿ ಹೀಗಾಗಿದೆ, ಕಪಾಟಿನ ಹಣವನ್ನು ಗೌರವಧನಕ್ಕೆ ಬಳಸಬಹುದಾ?" ಅಂತ ಕೇಳುವ ಬುದ್ಧಿ ಯಾರಿಗೂ ಹೊಳೆಯಲಿಲ್ಲ.

ಒಪ್ಪಂದ ಪತ್ರ ಇಂಗ್ಲಿಷಿನಲ್ಲಿತ್ತು. ನಾನು ಕೊನೆಯ ಪುಟ ತೆಗೆದು ಸಹಿ ಮಾಡಿ, ಸೀಲು ಒತ್ತಿ ಕಳಿಸಿದ್ದೆ. ಬಜೆಟ್‌ನ ಒಂದು ಹೆಡ್‌ನಿಂದ (ಖರ್ಚಿನ ಬಾಬ್ತಿನಿಂದ) ಇನ್ನೊಂದಕ್ಕೆ ಶೇ 10ರವರೆಗೆ ನೀವೇ ಹೊಂದಿಸಿಕೊಳ್ಳಿ, ಅದಕ್ಕಿಂತ ಜಾಸ್ತಿಯಾದರೆ ಮೊದಲೇ ಲಿಖಿತ ಒಪ್ಪಿಗೆ ಪಡೆಯಿರಿ ಅಂತ ಅದರ ಒಳಗೆ ಸ್ಪಷ್ಟವಾಗಿ ಬರೆದಿತ್ತು. ಅಂದರೆ ದಾರಿ ಅವರೇ ಇಟ್ಟಿದ್ದರು. ಕೇಳಿದ್ದರೆ ಬಹುಶಃ ಹೂಂ ಅನ್ನುತ್ತಿದ್ದರು. ಇದು ನನಗೆ ಗೊತ್ತಾಗಿದ್ದು ಲೆಕ್ಕ ಕೊಡುವ ಹೊತ್ತಿಗೆ.

ಎರಡನೇ ಕಂತು ಬರಬೇಕಾದರೆ ಮೊದಲ ಕಂತಿನ ಯುಸಿ ಕೊಡಬೇಕು. ಯುಸಿ ಅಂದರೆ ಯುಟಿಲೈಜೇಶನ್ ಸರ್ಟಿಫಿಕೇಟ್, ಕೊಟ್ಟ ಹಣವನ್ನು ಕೊಟ್ಟ ಕೆಲಸಕ್ಕೇ ಬಳಸಿದ್ದೇವೆ ಅನ್ನುವ ಪತ್ರ. ಅದಕ್ಕೆ ನಮ್ಮ ಸಹಿಯ ಜೊತೆ ಆಡಿಟರ್ ಸಹಿಯೂ ಬೇಕು. ನಮ್ಮ ಆಡಿಟರ್ ಪುಸ್ತಕ ನೋಡಿ ಕನ್ನಡಕ ತೆಗೆದಿಟ್ಟರು. "ಗೌರವಧನ ಅಂತ ಬಜೆಟ್‌ನಲ್ಲಿ ಹೆಡ್ಡೇ ಇಲ್ಲವಲ್ರೀ" ಅಂದರು. ಬೇರೆ ಹೆಸರಿನಲ್ಲಿ ತೋರಿಸಲು ಅವರು ಒಪ್ಪಲಿಲ್ಲ. ಆಗ ಸಿಟ್ಟು ಬಂದಿತ್ತು, ಈಗ ಅವರ ಮೇಲೆ ಗೌರವ ಇದೆ.

ಆಮೇಲೆ ಆಗಿದ್ದನ್ನು ಊಹಿಸಬಹುದು. ಎರಡನೇ ಕಂತು ನಿಂತಿತು. ಒಪ್ಪಿಗೆ ಇಲ್ಲದೆ ಬಳಸಿದ ಹಣ ವಾಪಸ್ ಕಟ್ಟಿ ಅಂತ ಪತ್ರ ಬಂತು. ಸಂಘದ ಸದಸ್ಯರು ಕೈಯಿಂದ ಹಾಕಿ ಕಟ್ಟಿದೆವು. ಇಬ್ಬರು ಸಂಘವನ್ನೇ ಬಿಟ್ಟರು. ಓದುವ ಕೇಂದ್ರಕ್ಕೆ ಬೀಗ ಬಿತ್ತು, ಅದೂ ಪರೀಕ್ಷೆ ಹತ್ತಿರ ಇದ್ದಾಗ. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ಆ ಹೆಣ್ಣುಮಗಳ ಕೊನೆಯ ತಿಂಗಳುಗಳ ಸಂಬಳ ನಿಂತುಹೋಯಿತು. ಅವಳು ಕೇಳಲಿಲ್ಲ. ಅವಳ ಅತ್ತೆ ನನ್ನ ಅಂಗಡಿಗೆ ಬಂದು, ನಾಲ್ಕು ಗಿರಾಕಿಗಳ ಮುಂದೆ ಕೇಳಿದರು. ಕೇಳಿದ್ದು ಸರಿಯೇ ಇತ್ತು.

ಈಗ ನಿಮ್ಮ ಲಿಸ್ಟ್ ವಿಷಯ. ನನ್ನ ಕೇಳಿದರೆ ನಿಮಗೆ ಈಗ ಲಿಸ್ಟ್ ಬೇಕಾಗಿಲ್ಲ. ನಿಮ್ಮ ಸಂಘಕ್ಕೆ ಇನ್ನೂ ಎರಡು ವರ್ಷ ತುಂಬಿಲ್ಲ ಅಂತ ಬರೆದಿದ್ದೀರಿ. ಸಿಎಸ್‌ಆರ್ ನಿಯಮದ ಪ್ರಕಾರ ಹೊರಗಿನ ಸಂಸ್ಥೆಯ ಮೂಲಕ ಕೆಲಸ ಮಾಡಿಸಬೇಕಾದರೆ ಅದಕ್ಕೆ ಅದೇ ತರಹದ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. 12ಎ, 80ಜಿ ಇರಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿಯೂ ಬೇಕು. ಯಾರೋ "ನಾನು ಮಾಡಿಸಿಕೊಡ್ತೀನಿ" ಅಂದರೆ ಈ ಮೂರು ವರ್ಷವನ್ನು ಎಲ್ಲಿಂದ ತರುತ್ತಾರೆ ಅಂತ ಕೇಳಿ.

ಕಮಿಷನ್ ಅಂತೂ ಖಂಡಿತ ಬೇಡ. ಬರೆಯುವವರಿಗೆ ದುಡ್ಡು ಕೊಡಬಾರದು ಅಂತಲ್ಲ. ಬರವಣಿಗೆಗೆ ಇಂತಿಷ್ಟು ಅಂತ ಮೊದಲೇ ಮಾತಾಡಿ, ಸಂಘದ ಸ್ವಂತ ಹಣದಿಂದ ಕೊಟ್ಟು, ರಸೀದಿ ತೆಗೆದುಕೊಂಡರೆ ತಕರಾರಿಲ್ಲ. ಆದರೆ ಶೇಕಡಾ ಲೆಕ್ಕ ಹಿಡಿದವನು ಬಜೆಟ್ ಉಬ್ಬಿಸುತ್ತಾನೆ, ಯಾಕೆಂದರೆ ಮೊತ್ತ ದೊಡ್ಡದಾದಷ್ಟೂ ಅವನ ಪಾಲೂ ದೊಡ್ಡದು. ಆ ಶೇ 10ನ್ನು ನೀವು ಯಾವ ಹೆಡ್‌ನಲ್ಲಿ ತೋರಿಸುತ್ತೀರಿ? ಅಲ್ಲಿಂದಲೇ ಸುಳ್ಳು ಬಿಲ್ ಶುರು. ಆಮೇಲೆ ಅವನು ಇರುವುದಿಲ್ಲ, ಸಹಿ ಮಾಡಿದ ನೀವು ಇರುತ್ತೀರಿ.

ನಾವು ಮತ್ತೆ ಬಾಗಿಲು ತೆಗೆದಿದ್ದು ಗ್ರಾಂಟ್‌ನಿಂದ ಅಲ್ಲ. ನಮ್ಮೂರಿನಿಂದ ಬೆಂಗಳೂರು, ಹುಬ್ಬಳ್ಳಿ ಸೇರಿದವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು ಕೇಳಿದೆವು: ತಿಂಗಳಿಗೆ 200 ರೂಪಾಯಿ, ಸಂಘದ ಖಾತೆಗೆ. ಇದು ಕಟ್ಟಡಕ್ಕಲ್ಲ, ಪುಸ್ತಕಕ್ಕಲ್ಲ, ಓದಿಸುವವರ ಸಂಬಳಕ್ಕೆ ಅಂತ ಬಾಯಿಬಿಟ್ಟು ಹೇಳಿದೆವು. ಪ್ರತಿ ತಿಂಗಳು ಜಮಾ ಖರ್ಚು ಅದೇ ಗುಂಪಿಗೆ ಹಾಕುತ್ತೇವೆ, ನಾಲ್ಕೇ ಸಾಲು. ಮೊದಲು ಹಳೇ ಬಾಕಿ ಸಂಬಳ ತೀರಿಸಿದೆವು. ಅವಳೇ ವಾಪಸ್ ಬಂದಳು, ಈಗ 8,000.

80ಜಿ ಇದ್ದರೆ ಜನ ಮುಗಿಬಿದ್ದು ಕೊಡುತ್ತಾರೆ ಅಂತ ನಂಬಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವ ನೌಕರರಿಗೆ ಆ ವಿನಾಯಿತಿಯೇ ಇಲ್ಲ. ನಮಗೆ 200 ಕೊಡುವ ಯಾರೂ ಅದನ್ನು ಕೇಳಿಲ್ಲ. ಆದರೂ ಕಂಪನಿಗಳ ಬಾಗಿಲು ತಟ್ಟಲು ಆ ಪತ್ರ ಬೇಕು, ಮಾಡಿಸಿಡಿ.

ಒಂದು ಎಚ್ಚರಿಕೆ. ನಿಮ್ಮೂರಿನವರು ಅಮೆರಿಕದಲ್ಲೋ ದುಬೈನಲ್ಲೋ ಇದ್ದು ದುಡ್ಡು ಕಳಿಸುತ್ತೇನೆ ಅಂದರೆ, ಖುಷಿಯಲ್ಲಿ ಖಾತೆ ನಂಬರ್ ಕೊಡಬೇಡಿ. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮೊದಲು ಕೇಳಿ. ಭಾರತದ ಪೌರರೇ ಆಗಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ, ಬೆಂಗಳೂರಿನ ಖಾತೆಯಿಂದಲೇ ಕಳಿಸಿದರೂ ಅದು ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಗಡ ಅನುಮತಿ ಬೇಕು. ನೋಂದಣಿಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಮೂಲ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು. ನಮ್ಮಂಥವರಿಗೆ ಸದ್ಯಕ್ಕೆ ಅದು ಆಗದ ಮಾತು. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮೂರಿನ ಒಬ್ಬರಿಗೆ ಬೇಡ ಅಂತ ಹೇಳುವಾಗ ಹೊಟ್ಟೆ ಉರಿಯಿತು, ಹೇಳಿದೆವು.

ಹಾಗಾದರೆ ಎಲ್ಲಿ ಕೇಳುವುದು? ಮೊದಲು ನಿಮ್ಮ ಪಂಚಾಯಿತಿಯಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಅನ್ನುತ್ತಾರೆ. ಮನೆ ಕಂದಾಯದ ಜೊತೆ ನೀವು ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೀರಿ. ಅಲ್ಲಿ ಕಪಾಟು, ಪುಸ್ತಕ, ಮೇಲ್ವಿಚಾರಕರು ಇರುವಾಗ ನೀವು ಪಕ್ಕದ ಬೀದಿಯಲ್ಲಿ ಇನ್ನೊಂದು ಕಪಾಟಿಗೆ ಗ್ರಾಂಟ್ ಯಾಕೆ ಹುಡುಕಬೇಕು? ಸಂಜೆ ಆ ಕೋಣೆಯನ್ನೇ ಬಳಸಲು ಕೇಳಿ. ಕೊಟ್ಟರೆ ಠರಾವು ಮಾಡಿಸಿ ನಕಲು ಇಟ್ಟುಕೊಳ್ಳಿ. ಬಾಯಿಮಾತು ನಂಬಿ ನಾವು ಅಂಗನವಾಡಿ ಕೋಣೆ ಕಳೆದುಕೊಂಡಿದ್ದು ಬೇರೆಯೇ ಕಥೆ, ಬಿಡಿ.

ನಿಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಉತ್ಸಾಹ ಇರುವ ಮೇಷ್ಟ್ರು ಇದ್ದಾರಾ? ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ "ಕಲಿ-ಕಲಿಸು" ಅನ್ನುವ ಕಾರ್ಯಕ್ರಮದಲ್ಲಿ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗೆ ಕಲೆ ಮತ್ತು ಕಲಿಕೆಯ ಕೆಲಸಕ್ಕೆ ಧನಸಹಾಯ ಕೊಡುತ್ತಾ ಬಂದಿದೆ. ಅರ್ಜಿ ಅವರು ಹಾಕಲಿ, ಊರಿನ ಸಹಾಯ ನೀವು ಮಾಡಿ. ಎಲ್ಲಾ ದುಡ್ಡು ನಮ್ಮ ಸಂಘದ ಖಾತೆಗೇ ಬರಬೇಕು ಅನ್ನುವ ಹಟ ಯಾಕೆ?

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಇದೆ, ಆದರೆ ಅದು ಸಾಂಸ್ಕೃತಿಕ ಚಟುವಟಿಕೆಗೆ. ಅದನ್ನು ನಂಬಿಕೊಂಡು ತಿಂಗಳ ಖರ್ಚು ಇಟ್ಟುಕೊಳ್ಳಬೇಡಿ. ಶಾಸಕರ, ಸಂಸದರ ನಿಧಿ ಮುಖ್ಯವಾಗಿ ಕಟ್ಟಡದಂಥ ಕೆಲಸಕ್ಕೆ. ಕಟ್ಟಡ ಬಂತು ಅಂದ ಕೂಡಲೇ ಮಕ್ಕಳು ಬರುವುದಿಲ್ಲ.

ಮೂರು ವರ್ಷ ತುಂಬಿದ ಮೇಲೆ ಕಂಪನಿಗಳ ಕಡೆ ಹೋಗಿ. ಆಗಲೂ ಬೆಂಗಳೂರಿನ ದೊಡ್ಡ ಹೆಸರುಗಳಿಗೆ ಮೊದಲು ಬರೆಯಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಸಕ್ಕರೆ ಕಾರ್ಖಾನೆ ಇದೆಯಾ, ಗಾಳಿ ವಿದ್ಯುತ್ ಕಂಪನಿ ಇದೆಯಾ ನೋಡಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಲ್ಲಿ, ಸಿಎಸ್‌ಆರ್‌ಗೆ ಮೀಸಲಿಟ್ಟ ಹಣ ಖರ್ಚು ಮಾಡುವಾಗ ತಾನು ಕೆಲಸ ಮಾಡುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಇದೆ. ಅರ್ಜಿಯಲ್ಲಿ ಆ ಮಾತನ್ನು ವಿನಯದಿಂದ ನೆನಪಿಸಿ. ಎಲ್ಲಾ ಕಂಪನಿಗೂ ಸಿಎಸ್‌ಆರ್ ಕಡ್ಡಾಯ ಅಲ್ಲ, ಅದನ್ನು ವಿಚಾರಿಸಿಕೊಂಡು ಹೋಗಿ.

ಅಷ್ಟರವರೆಗೆ ಮಾಡಬೇಕಾದ ಕೆಲಸ ಬೇಜಾರಿನದು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ, ನಡಾವಳಿ ಪುಸ್ತಕ, ಆಡಿಟ್, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕವನ್ನು ಪ್ರತಿ ವರ್ಷ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಸಲ್ಲಿಸುವುದು. ಖರ್ಚಿಗೆ ಚೆಕ್ ಅಥವಾ ಯುಪಿಐ, ಅದೂ ಸಂಘದ ಖಾತೆಯಿಂದ, ಅಧ್ಯಕ್ಷರ ಫೋನಿನಿಂದ ಅಲ್ಲ. ಫ್ಲೆಕ್ಸ್ ಫೋಟೋಗಿಂತ ಇದನ್ನೇ ಕೇಳುತ್ತಾರೆ.

ಕಳೆದ ವರ್ಷ ನಾವು ಮತ್ತೆ ಒಂದು ಸಣ್ಣ ಗ್ರಾಂಟ್‌ಗೆ ಅರ್ಜಿ ಹಾಕಿದೆವು. ಬಜೆಟ್‌ನ ಮೊದಲ ಸಾಲೇ ಓದಿಸುವವರ ಗೌರವಧನ, ಹನ್ನೆರಡು ತಿಂಗಳಿಗೆ. ಫೋನಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ, "ಗ್ರಾಂಟ್ ಮುಗಿದ ಮೇಲೆ ಇವರಿಗೆ ಯಾರು ಕೊಡುತ್ತಾರೆ?" 200 ರೂಪಾಯಿ ಕೊಡುವವರ ಪಟ್ಟಿ ಕಳಿಸಿದೆ. ಮಂಜೂರಾಯಿತು.

ನಿಮ್ಮ ಕೇಂದ್ರದ ಬಾಗಿಲು ಸಂಜೆ ಯಾರು ತೆಗೆಯುತ್ತಾರೆ, ಅವರಿಗೆ ಏನು ಕೊಡುತ್ತೀರಿ, ಪ್ರಶ್ನೆಯಲ್ಲಿ ಬರೆದಿಲ್ಲ. ಅದನ್ನೂ ಸೇರಿಸಿ ಒಂದು ಬಜೆಟ್ ಹಾಳೆ ಬರೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಈ ವಾರ ನಮ್ಮೂರ ಜಾತ್ರೆ, ಉತ್ತರ ತಡವಾದರೆ ಬೇಜಾರಾಗಬೇಡಿ.