ತೂಕದ ಪುಸ್ತಕ: ಸಚ್ಚಾರಿತ್ರ್ಯದ ಬಗ್ಗೆ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿರುವ ನಡುವಯಸ್ಸಿನ ವ್ಯಕ್ತಿಯೊಬ್ಬರು ನಿದ್ರೆ ಬರುತ್ತಿಲ್ಲವೆಂದು ನನ್ನ ಬಳಿ ಬಂದರು. ರೊಬಸ್ಟಾ ಎಂಬ ಕಾಫಿಯ ಕೊಯ್ಲಿನ ಸಮಯದಲ್ಲಿ ಅವರ ತೋಟದ ಕಾರ್ಮಿಕರಿಗೆ ಕಿಲೋ ಲೆಕ್ಕದ ಕೂಲಿ. ಸಂಜೆ ಹಣ್ಣಿನ ಚೀಲಗಳನ್ನು ತೂಗಿ ಬರೆದುಕೊಳ್ಳುವುದು ಇವರ ಹೊಣೆ. ಚೀಲದ ಭಾರ, ಎಲೆ, ಕಡ್ಡಿ ಎಂದು ಪ್ರತಿ ಚೀಲಕ್ಕೆ ಎರಡು ಕಿಲೋ ಮುರಿಯುವಂತೆ ಮಾಲೀಕರು ಹೇಳಿದ್ದರು. ಅಷ್ಟು ಮುರಿಯುವುದು ನ್ಯಾಯವಲ್ಲವೆಂದು ತಿಳಿದೂ ಇವರು ಮುರಿಯುತ್ತ ಬಂದಿದ್ದರು. ಒಂದು ಸಂಜೆ ಕಾರ್ಮಿಕರ ಸಾಲುಮನೆಯಾದ ಲೈನ್‌ಮನೆಯ ಹಿರಿಯ ಹೆಂಗಸೊಬ್ಬರು, "ಅಲ್ಲಿ ನಲವತ್ತೆಂಟು ಅಂತ ಕಾಣ್ತದಲ್ಲ ರೈಟ್ರೇ, ನಲವತ್ತಾರು ಯಾಕೆ ಬರೆದ್ರಿ?" ಎಂದು ಕೇಳಿದಂದಿನಿಂದ ನಿದ್ರೆ ಕೆಟ್ಟಿತ್ತು.

"ನಾನು ಕುಡಿಯುವವನಲ್ಲ, ಯಾರಿಗೂ ಕೇಡು ಬಯಸಿದವನಲ್ಲ. ಹೀಗೆ ಮುರಿಯುವುದಕ್ಕೆ ಮನಸ್ಸಿಗೆ ಸಂಕಟವೂ ಆಗುತ್ತದೆ. ಅಂದಮೇಲೆ ನಾನು ಕೆಟ್ಟವನಲ್ಲ, ಅಲ್ಲವಾ ಮೇಡಂ?" ಎಂದರು.

ದುಶ್ಚಟವಿಲ್ಲದವನೇ ಸಜ್ಜನ ಎಂಬ ಭಾವನೆ ನಮ್ಮಲ್ಲಿ ಎಷ್ಟು ಬಲವಾಗಿದೆಯೆಂದರೆ, ಹೆಣ್ಣು ಕೊಡುವಾಗಲೂ ಜನ ಅದಕ್ಕಿಂತ ಮುಂದೆ ವಿಚಾರಿಸುವುದು ಕಡಿಮೆ. ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆಂದು ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲ್ (ಕ್ರಿ.ಪೂ. 384–322) ವಾದಿಸಿದ್ದ. ತಪ್ಪಿಗಾಗಿ ಪಡುವ ನಾಚಿಕೆಯನ್ನು ಅವನು ಸದ್ಗುಣಗಳ ಸಾಲಿಗೆ ಸೇರಿಸಲಿಲ್ಲ. ಎಳೆಯರಲ್ಲಿ ಮೆಚ್ಚಬಹುದಾದ ಒಂದು ಭಾವವೆಂದು ಮಾತ್ರ ಕಂಡ. ಈ ವಿಚಾರ ನಮ್ಮ ರೈಟರಿಗೆ ನೇರವಾಗಿ ಅನ್ವಯಿಸುತ್ತಿತ್ತು, ಏಕೆಂದರೆ ರಾತ್ರಿ ಪಟ್ಟ ಸಂಕಟದಿಂದಲೇ ಹಗಲಿನ ಬಾಕಿ ತೀರಿತೆಂಬಂತೆ ಅವರು ಮರುದಿನ ಮತ್ತೆ ಎರಡು ಕಿಲೋ ಮುರಿಯುತ್ತಿದ್ದರು. ಆ ಸಂಕಟ ಸುಳ್ಳಲ್ಲ, ಆದರೆ ಅದರಿಂದ ಆ ಹೆಂಗಸಿನ ಕೂಲಿ ಒಂದು ರೂಪಾಯಿಯೂ ಹೆಚ್ಚಲಿಲ್ಲ ಎಂದು ಅವರಿಗೆ ಬಿಡಿಸಿ ಹೇಳಿದೆ.

ಮಕ್ಕಳ ಓದು, ಮನೆಯ ಸಾಲ ಇರುವವರಿಗೆ ನಾಳೆಯೇ ಕೆಲಸ ಬಿಡಿ ಎನ್ನುವುದು ಸಲಹೆಯಾಗದು. ಮೊದಲು ಮಾಲೀಕರೊಂದಿಗೆ ಒಬ್ಬರೇ ಕುಳಿತು ಮಾತನಾಡಿ, ಎಲ್ಲರೆದುರು ಖಾಲಿ ಚೀಲವನ್ನು ತೂಗಿ ಅಷ್ಟನ್ನು ಮಾತ್ರ ಕಳೆಯುವ ಪದ್ಧತಿಯನ್ನು ಕೇಳಿರಿ. ಎಲೆಕಡ್ಡಿ ಇದ್ದರೆ ತೂಕಕ್ಕೆ ಮುಂಚೆಯೇ ಆರಿಸಲಿ. ತೂಕದ ಚೀಟಿಯನ್ನು ಆಯಾ ಕಾರ್ಮಿಕರ ಕೈಗೇ ಕೊಡಿ. ಒಪ್ಪದಿದ್ದರೆ ತೂಕದ ಕೆಲಸದಿಂದ ಬಿಡುಗಡೆ ಕೇಳಿ ಬೇರೆ ತೋಟದಲ್ಲಿ ವಿಚಾರಿಸಿರಿ ಎಂದೆ. ಈಗಾಗಲೇ ಮುರಿದದ್ದರ ಲೆಕ್ಕವೂ ಪುಸ್ತಕದಲ್ಲೇ ಇರುವುದರಿಂದ, ಅದನ್ನು ಮರೆಮಾಚದೆ ಮಾಲೀಕರ ಮುಂದಿಡಬೇಕೆಂದೂ ಒತ್ತಿ ಹೇಳಿದೆ.

ಮಾಲೀಕರು ಚೀಟಿಗೆ ಒಪ್ಪಿದರು, ಮುರಿತವನ್ನು ಒಂದು ಕಿಲೋಗೆ ಇಳಿಸಿದರು, ಹಳೆಯ ಬಾಕಿಗೆ ಒಪ್ಪಲಿಲ್ಲ. ಉಳಿದ ಒಂದು ಕಿಲೋ ಮತ್ತು ಹಳೆಯ ಬಾಕಿಯ ವಿಷಯವನ್ನು ಕೊಯ್ಲು ಮುಗಿಯುವ ಮುನ್ನ ಮತ್ತೆ ಎತ್ತುವುದಾಗಿ ರೈಟರ್ ಹೇಳಿದ್ದಾರೆ; ಆ ಮಾತುಕತೆಗೆ ನಾವಿಬ್ಬರೂ ಸಿದ್ಧತೆ ನಡೆಸಿದ್ದೇವೆ.