ಮಡಚುವ ಸ್ಟ್ರಾಲರ್: ಯಾವುದು ಕೊಳ್ಳಲಿ?

ಪ್ರಶ್ನೆ: ಎಂಟು ತಿಂಗಳ ಮಗಳೊಂದಿಗೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಒಬ್ಬಳೇ ಹೊರಟಿದ್ದೇನೆ. ಎಂಥ ಸ್ಟ್ರಾಲರ್ ಸರಿ?
– ಓದುಗರು, ಮೈಸೂರು

ಉತ್ತರ: ಮಗು ಸೊಂಟದ ಮೇಲಿರುವಾಗಲೇ ಒಂದು ಕೈಯಲ್ಲಿ ಮಡಚಲು ಬರಬೇಕು ತಂಗಿ. ಅಂಗಡಿಯಲ್ಲೇ ಹಾಗೆ ಮಡಚಿ ನೋಡಿ, ಮಾರುವವರು ಮಡಚಿ ತೋರಿಸಿದರೆ ಸಾಲದು. ಭದ್ರತಾ ತಪಾಸಣೆಯಲ್ಲಿ ಅದನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಬೇಕಾಗುತ್ತದೆ, ಹಿಂದೆ ಜನ ಕಾಯುತ್ತಿರುತ್ತಾರೆ.

ಯೋಯೋ ಎಂಬ ಸ್ಟ್ರಾಲರ್ (ಮೊದಲು ಬೇಬಿಝೆನ್, ಈಗ ಸ್ಟೋಕೆ ಹೆಸರಿನಲ್ಲಿ ಬರುತ್ತದೆ) ಮಡಚಿದರೆ 52×44×18 ಸೆಂ.ಮೀ., ತೂಕ ಆರು ಕಿಲೋ ಚಿಲ್ಲರೆ. ಆದರೆ ಹಲವು ವಿಮಾನ ಸಂಸ್ಥೆಗಳ ಕೈಚೀಲದ ಅಗಲದ ಮಿತಿ 35ರಿಂದ 40 ಸೆಂ.ಮೀ. ವಿಮಾನದೊಳಗೆ ಒಯ್ಯಬಹುದೆಂಬ ಆಸೆಗೇ ದುಬಾರಿ ಗಾಡಿ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸಾಮಾನ್ಯವಾಗಿ ವಿಮಾನದ ಬಾಗಿಲವರೆಗೂ ತಳ್ಳಿಕೊಂಡು ಹೋಗಿ ಅಲ್ಲಿ ಒಪ್ಪಿಸಬಹುದು. ಚೆಕ್-ಇನ್‌ನಲ್ಲೇ ಟ್ಯಾಗ್ ಹಾಕಿಸಿ, ಎಲ್ಲಿ ಮರಳಿ ಕೊಡುತ್ತಾರೆಂದು ಕೇಳಿ. ಕೆಲವೊಮ್ಮೆ ಅದು ಲಗೇಜಿನ ಜೊತೆಗೇ ಬರುತ್ತದೆ. ಅಲ್ಲಿಯವರೆಗೆ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಜೊತೆಗಿರಲಿ.