ಬಸಿರಿಗೆ ಮುಂಚೆ ಕಣ್ಣಿನ ಹನಿ ನಿಲ್ಲಿಸಬೇಕಾ?

ಪ್ರಶ್ನೆ: ಮೇಡಂ, ನನಗೀಗ 29 ವರ್ಷ. ಐದು ವರ್ಷದ ಹಿಂದೆ ಕನ್ನಡಕದ ನಂಬರ್ ನೋಡಿಸಲು ಹೋದಾಗ ಕಣ್ಣಿನ ಪ್ರೆಶರ್ 34 ಇದೆ, ಗ್ಲಾಕೋಮಾ ಶುರುವಾಗಿದೆ ಅಂದರು. ಅವತ್ತಿನಿಂದ ರಾತ್ರಿ ಲಟಾನೋಪ್ರಾಸ್ಟ್ ಹನಿ, ಬೆಳಿಗ್ಗೆ ಮತ್ತು ಸಂಜೆ ಟಿಮೋಲಾಲ್, ಡಾರ್ಜೋಲಮೈಡ್ ಎರಡೂ ಸೇರಿರುವ ಹನಿ ಹಾಕಿಕೊಳ್ಳುತ್ತಿದ್ದೇನೆ. ಈಗ ಪ್ರೆಶರ್ 15, 16ರ ಆಸುಪಾಸಿನಲ್ಲಿದೆ. ಮದುವೆಯಾಗಿ ಎರಡು ವರ್ಷವಾಯಿತು, ಮಗು ಮಾಡಿಕೊಳ್ಳೋಣ ಅಂತಿದ್ದೇವೆ. ಆದರೆ ಡಬ್ಬಿಯೊಳಗಿನ ಚೀಟಿ ಓದಿದರೆ ಭಯವಾಗುತ್ತದೆ. ಅತ್ತೆ ‘ಒಂಬತ್ತು ತಿಂಗಳು ತಾನೇ, ಹನಿ ಬಿಟ್ಟುಬಿಡಮ್ಮ, ಬಾಣಂತನ ಮುಗಿದ ಮೇಲೆ ಹಾಕಿಕೊಂಡರಾಯಿತು’ ಅನ್ನುತ್ತಾರೆ. ಬಿಡಬಹುದಾ? ಹೆರಿಗೆಯಲ್ಲಿ ಜೋರಾಗಿ ಮುಕ್ಕಿದರೆ ಕಣ್ಣು ಹೋಗುತ್ತದೆ, ಸಿಸೇರಿಯನ್ನೇ ಮಾಡಿಸಬೇಕು ಅಂತ ಯಾರೋ ಹೇಳಿದರು. ಅದು ನಿಜವಾ?
– ಓದುಗರು, ಹಾಸನ

ಉತ್ತರ: ಇನ್ನೂ ಬಸಿರಾಗುವ ಮುಂಚೆಯೇ ಈ ಪ್ರಶ್ನೆ ಕೇಳಿದ್ದೀರಲ್ಲ, ಅದು ತುಂಬಾ ಒಳ್ಳೆಯದಾಯಿತು. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಮೂರೋ ನಾಲ್ಕೋ ತಿಂಗಳಾದ ಮೇಲೆ, ಹನಿ ತಾವೇ ನಿಲ್ಲಿಸಿ ಬರುತ್ತಾರೆ.

ಮೊದಲ ಮಾತು: ಇವತ್ತು ರಾತ್ರಿಯ ಹನಿ ತಪ್ಪಿಸಬೇಡಿ, ಹಾಕಿಕೊಳ್ಳಿ. ಈ ವಾರವೇ ನಿಮ್ಮ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ‘ಮಗು ಬೇಕು ಅಂತಿದ್ದೇವೆ’ ಅಂತ ಬಾಯಿಬಿಟ್ಟು ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ. ಕಣ್ಣು ತೋರಿಸಲು ಬಂದವರನ್ನು ಮಕ್ಕಳ ವಿಷಯ ಕೇಳುವುದು ನಮಗೂ ಎಷ್ಟೋ ಸಲ ಮರೆತುಹೋಗುತ್ತದೆ.

ಅತ್ತೆಯವರ ಮಾತಿನಲ್ಲಿ ಕಾಳಜಿ ಇದೆ, ತಪ್ಪು ತಿಳಿಯಬೇಡಿ. ಆದರೆ ಗ್ಲಾಕೋಮಾದಲ್ಲಿ ನೋವಿಲ್ಲ, ಕೆಂಪಿಲ್ಲ, ಎದುರಿಗಿರುವವರ ಮುಖ ಚೆನ್ನಾಗೇ ಕಾಣುತ್ತಿರುತ್ತದೆ. ಒಳಗೆ ಕಣ್ಣಿನ ನರ ಸವೆಯುತ್ತಾ ಹೋಗುತ್ತದೆ, ಒಮ್ಮೆ ಸವೆದದ್ದು ಯಾವ ಔಷಧಿಗೂ ವಾಪಸ್ ಬರುವುದಿಲ್ಲ. ಕೆಲವು ವರ್ಷದ ಹಿಂದೆ ಏಳು ತಿಂಗಳ ಬಸುರಿ ಹುಡುಗಿಯೊಬ್ಬಳು ಬಂದಿದ್ದಳು. ಮುಟ್ಟು ನಿಂತ ವಾರವೇ ಹನಿ ನಿಲ್ಲಿಸಿದ್ದಳು, ಯಾರನ್ನೂ ಕೇಳಿರಲಿಲ್ಲ. ಸುತ್ತಲಿನ ನೋಟ ಎಲ್ಲೆಲ್ಲಿ ಸರಿಯಿದೆ ಅಂತ ತಿಳಿಸುವ ಫೀಲ್ಡ್ ಟೆಸ್ಟ್ ಮಾಡಿಸಿದೆ. ಹೊಟ್ಟೆ ಅಡ್ಡ ಬರುತ್ತಿದ್ದುದರಿಂದ ಕುರ್ಚಿ ಹಿಂದೆ ಸರಿಸಿ, ಬೆನ್ನಿಗೆ ದಿಂಬು ಕೊಟ್ಟು, ಹೇಗೋ ಗದ್ದ ಇಡಿಸಿದೆವು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಮೂಗಿನ ಕಡೆಯ ಮೇಲ್ಮೂಲೆಯಲ್ಲಿ ಚುಕ್ಕಿ ಬರುತ್ತಲೇ ಇತ್ತು, ಅವಳ ಹೆಬ್ಬೆರಳು ಅಲ್ಲಾಡಲೇ ಇಲ್ಲ. ಬಸಿರಿಗೆ ಮುಂಚಿನ ರಿಪೋರ್ಟಿನಲ್ಲಿ ಆ ಜಾಗ ಸರಿಯಾಗಿತ್ತು. ಮಗು ಆರೋಗ್ಯವಾಗಿ ಹುಟ್ಟಿತು. ಆ ಮೂಲೆಯ ನೋಟ ಮಾತ್ರ ಹೋದದ್ದು ಹೋಯಿತು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಂತ ಈಗಿರುವ ಹನಿಗಳನ್ನೇ ಕಣ್ಣುಮುಚ್ಚಿ ಮುಂದುವರಿಸಿ ಅಂತಲೂ ಅಲ್ಲ. ಲಟಾನೋಪ್ರಾಸ್ಟ್ ಪ್ರೋಸ್ಟಗ್ಲಾಂಡಿನ್ ಜಾತಿಯ ಔಷಧಿ. ಇದೇ ಜಾತಿಯ ಬೇರೆ ಔಷಧಿಗಳನ್ನು ಹೆರಿಗೆ ನೋವು ಬರಿಸಲು ಬಳಸುತ್ತಾರೆ. ಕಣ್ಣಿನ ಹನಿಯಲ್ಲಿರುವ ಅಂಶ ತೀರಾ ಕಡಿಮೆ, ಗೊತ್ತಿಲ್ಲದೆ ಹಾಕಿಕೊಂಡು ಬಸಿರಾದವರು ಗಾಬರಿಯಾಗಬೇಕಿಲ್ಲ. ಆದರೂ ಗರ್ಭಕೋಶ ಸಂಕುಚಿಸಬಹುದೇನೋ ಅನ್ನುವ ಅನುಮಾನದಿಂದ ನಾವು ಸಾಮಾನ್ಯವಾಗಿ ಇದನ್ನು ಬದಲಿಸುತ್ತೇವೆ. ಟಿಮೋಲಾಲ್ ರಕ್ತಕ್ಕೆ ಸೇರಿದರೆ ಮಗುವಿನ ಎದೆಬಡಿತ ನಿಧಾನವಾಗಬಹುದು. ಹಾಗಾಗಿ ಕೊಟ್ಟರೂ ಕಡಿಮೆ ಪ್ರಮಾಣದಲ್ಲಿ ಕೊಟ್ಟು, ಮಗುವಿನ ಎದೆಬಡಿತ ಮತ್ತು ಬೆಳವಣಿಗೆ ಗಮನಿಸಲು ಹೆರಿಗೆ ಡಾಕ್ಟರ್‌ಗೆ ಹೇಳುತ್ತೇವೆ. ನಿಮಗೆ ಅಸ್ತಮಾ ಇದ್ದರೆ ಟಿಮೋಲಾಲ್ ಬಸಿರಿರಲಿ ಇಲ್ಲದಿರಲಿ ಬೇಡವೇ ಬೇಡ. ಡಾರ್ಜೋಲಮೈಡ್ ವಿಷಯದಲ್ಲೂ ಮೊದಲ ಮೂರು ತಿಂಗಳು ಎಚ್ಚರ ಬೇಕು. ಅದರ ಬಳಗದ್ದೇ ಆದ, ಕಣ್ಣಿನ ಪ್ರೆಶರ್ ಇಳಿಸುವ ಡಯಾಮಾಕ್ಸ್ ಅನ್ನುವ ಮಾತ್ರೆ ಇದೆ, ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಮರಿಗಳ ಕಾಲಿನ ಬೆಳವಣಿಗೆಯಲ್ಲಿ ದೋಷ ಕಂಡಿದ್ದರಿಂದ ಅದನ್ನು ಮೊದಲ ಮೂರು ತಿಂಗಳು ದೂರ ಇಡುತ್ತೇವೆ. ಉಳಿದದ್ದು ಬ್ರಿಮೊನಿಡಿನ್ ಅನ್ನುವ ಇನ್ನೊಂದು ಹನಿ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಸಿರಲ್ಲಿ ಎಷ್ಟು ಸುರಕ್ಷಿತ ಅಂತ ಔಷಧಿಗಳಿಗೆ ಅಕ್ಷರ ಕೊಡುತ್ತಿದ್ದ ಕಾಲದಲ್ಲಿ ಇದಕ್ಕೆ ‘ಬಿ’ ಸಿಕ್ಕಿತ್ತು, ನೀವು ಹಾಕಿಕೊಳ್ಳುತ್ತಿರುವ ಮೂರಕ್ಕೂ ‘ಸಿ’. ಹಾಗಾಗಿ ಬಸಿರಿನ ಶುರುವಿನಲ್ಲಿ ಹನಿ ಬೇಕೇ ಬೇಕು ಅಂದಾಗ ಜಾಸ್ತಿ ಡಾಕ್ಟರುಗಳು ಇದನ್ನೇ ಆರಿಸುತ್ತಾರೆ. ಆದರೆ ‘ಬಿ’ ಅಂದರೆ ಬಸುರಿಯರ ಮೇಲೆ ಪರೀಕ್ಷಿಸಿ ಸರಿ ಅಂದದ್ದಲ್ಲ, ಪ್ರಾಣಿಗಳಲ್ಲಿ ತೊಂದರೆ ಕಾಣಲಿಲ್ಲ ಅಂತಷ್ಟೇ. ಆ ಅಕ್ಷರಗಳ ಪದ್ಧತಿಯನ್ನು ಎಫ್‌ಡಿಎ 2015ರಿಂದ ಕೈಬಿಟ್ಟಿದೆ. ಮತ್ತೆ, ಒಂಬತ್ತನೇ ತಿಂಗಳು ಬಂತೆಂದರೆ ಬ್ರಿಮೊನಿಡಿನ್ ನಿಲ್ಲಲೇಬೇಕು. ಯಾಕೆ ಅಂತ ಮುಂದಿನ ಪತ್ರದ ಉತ್ತರದಲ್ಲಿ ಹೇಳಿದ್ದೇನೆ.

ಮುಂಚೆಯೇ ಬನ್ನಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮುಟ್ಟು ತಪ್ಪಿ, ಟೆಸ್ಟ್ ಮಾಡಿ, ಎರಡು ಗೆರೆ ನೋಡುವ ಹೊತ್ತಿಗೆ ಐದು ವಾರ ಆಗಿರುತ್ತದೆ. ಮಗುವಿನ ಹೃದಯ, ನರ ರೂಪುಗೊಳ್ಳುವ ಕೆಲಸ ಅಷ್ಟರಲ್ಲಿ ಶುರುವಾಗಿಬಿಟ್ಟಿರುತ್ತದೆ. ಅದಕ್ಕೇ ಪ್ರಯತ್ನ ಶುರು ಮಾಡುವ ನಾಲ್ಕಾರು ತಿಂಗಳ ಮುಂಚೆ ಒಂದು ಲೆಕ್ಕಾಚಾರ ಆಗಬೇಕು. ಹೊಸದಾಗಿ ಫೀಲ್ಡ್ ಟೆಸ್ಟ್, ಕಣ್ಣಿನ ನರ ಎಷ್ಟು ಸವೆದಿದೆ ಅಂತ ಅಳೆಯುವ ಓಸಿಟಿ ಸ್ಕ್ಯಾನ್ ಮಾಡಿಸಿಡಿ, ಮುಂದೆ ಹೋಲಿಸಲು ಬೇಕಾಗುತ್ತದೆ. ಮೂರು ಔಷಧಿಯಲ್ಲಿ ಯಾವುದನ್ನು ಕಳೆಯಬಹುದು ಅಂತ ಬಸಿರಿಲ್ಲದಾಗಲೇ ಒಂದೊಂದಾಗಿ ನಿಲ್ಲಿಸಿ ನೋಡಬಹುದು. ನರಕ್ಕೆ ಹಾನಿ ಕಡಿಮೆಯಿದ್ದರೆ ಮೊದಲ ಮೂರು ತಿಂಗಳು ಹನಿಯೇ ಇಲ್ಲದೆ, ಪದೇ ಪದೇ ಪ್ರೆಶರ್ ನೋಡುತ್ತಾ ದಾಟಿಸುವುದೂ ಉಂಟು. ಆದರೆ ಅದು ಡಾಕ್ಟರ್ ಕಣ್ಗಾವಲಿನಲ್ಲಿ ನಡೆಯುವ ಕೆಲಸ, ಮನೆಯಲ್ಲಿ ನಾವೇ ತೀರ್ಮಾನಿಸುವುದಲ್ಲ.

ಲೇಸರ್ ಬಗ್ಗೆಯೂ ಕೇಳಿ. ಎಸ್‌ಎಲ್‌ಟಿ ಅಂತ ಒಂದಿದೆ, ಕಣ್ಣಿನ ನೀರು ಹೊರಹೋಗುವ ಜಾಲರಿಗೆ ಲೇಸರ್ ಕೊಡುವುದು. ಕೆಲವು ನಿಮಿಷದ ಕೆಲಸ, ಅವತ್ತೇ ಮನೆಗೆ. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಮೊದಲೇ ಈ ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಮೂರು ವರ್ಷವಾದರೂ ಹನಿ ಬೇಕಾಗಿರಲಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ನಿಮ್ಮ ಹಾಗೆ ಚಿಕ್ಕ ವಯಸ್ಸಿಗೇ ಬರುವ ಗ್ಲಾಕೋಮಾದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡದೆಯೂ ಇರಬಹುದು. ಪ್ರಯತ್ನಿಸಿ ನೋಡುವುದರಲ್ಲಿ ತಪ್ಪಿಲ್ಲ, ಬಸಿರಲ್ಲೂ ಮಾಡಬಹುದು. ಆಪರೇಷನ್ ಬೇಕಾಗುವಷ್ಟು ಮುಂದುವರಿದಿದ್ದರೆ ಮಾತ್ರ ಅದನ್ನು ಮೊದಲೇ ಮುಗಿಸಿಕೊಳ್ಳಬೇಕು. ನೀರು ಹೊರಹೋಗಲು ಮಾಡಿದ ದಾರಿ ಗಾಯ ಕೂಡಿ ಮುಚ್ಚಿಹೋಗದಿರಲಿ ಅಂತ ಅದರಲ್ಲಿ ಮೈಟೊಮೈಸಿನ್ ಅನ್ನುವ ಔಷಧಿ ಬಳಸುತ್ತೇವೆ, ಬಸುರಿಯರಿಗೆ ಅದನ್ನು ಮುಟ್ಟಿಸುವ ಹಾಗಿಲ್ಲ.

ಈಗ ಹನಿ ಹಾಕುವ ಕ್ರಮ. ಇದನ್ನು ಇವತ್ತಿನಿಂದಲೇ ಶುರು ಮಾಡಿ. ಕಣ್ಣಿನ ಒಳಮೂಲೆಯಿಂದ ಮೂಗಿಗೆ ಒಂದು ಸಣ್ಣ ಕೊಳವೆ ಇದೆ, ಹನಿ ಹಾಕಿದಾಗ ಗಂಟಲು ಕಹಿಯಾಗುವುದು ಅದಕ್ಕೇ. ಅಲ್ಲಿಂದ ಔಷಧಿ ನೇರ ರಕ್ತಕ್ಕೆ ಸೇರುತ್ತದೆ. ಕೆಳರೆಪ್ಪೆ ಜಗ್ಗಿ ಒಂದೇ ಹನಿ ಹಾಕಿ, ಕಣ್ಣು ಮೆಲ್ಲಗೆ ಮುಚ್ಚಿ, ತೋರುಬೆರಳಿನ ತುದಿಯನ್ನು ಕಣ್ಣು ಮತ್ತು ಮೂಗು ಕೂಡುವ ಮೂಲೆಯ ಎಲುಬಿನ ಮೇಲಿಟ್ಟು ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಗುಡ್ಡೆಯ ಮೇಲೆ ಒತ್ತಬೇಡಿ. ಆಮೇಲೆ ಕೆನ್ನೆಗೆ ಇಳಿದದ್ದನ್ನು ಹತ್ತಿಯಲ್ಲಿ ಒರೆಸಿ. ಇನ್ನೊಂದು ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಮಾಡಿದ ಮೇಲೆ ಗಂಟಲಿಗೆ ಕಹಿ ಬರದಿದ್ದರೆ ಸರಿಯಾಗಿ ಒತ್ತಿದ್ದೀರಿ ಅಂತ ಅರ್ಥ. ಇಷ್ಟರಿಂದಲೇ ರಕ್ತಕ್ಕೆ ಹೋಗುವ ಔಷಧಿ ಎಷ್ಟೋ ಕಡಿಮೆಯಾಗುತ್ತದೆ.

ಬಸಿರಾದ ಮೇಲೆ ಸಮಾಧಾನದ ವಿಷಯವೂ ಇದೆ. ನಾಲ್ಕನೇ ತಿಂಗಳ ನಂತರ ಹಾರ್ಮೋನುಗಳಿಂದಾಗಿ ತುಂಬಾ ಹೆಂಗಸರಲ್ಲಿ ಕಣ್ಣಿನ ಪ್ರೆಶರ್ ತಾನಾಗೇ ಸ್ವಲ್ಪ ಇಳಿಯುತ್ತದೆ. ಗ್ಲಾಕೋಮಾ ಇದ್ದವರೆಲ್ಲರಲ್ಲೂ ಇಳಿಯುವುದಿಲ್ಲ, ಕೆಲವರಲ್ಲಿ ಏರುವುದೂ ಉಂಟು. ಅದಕ್ಕೇ ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ತೋರಿಸಿ. ಈ ಸಮಯದಲ್ಲಿ ದೃಷ್ಟಿ ಸ್ವಲ್ಪ ಮಂಜಾಗಿ ಕನ್ನಡಕದ ನಂಬರ್ ಬದಲಾದಂತೆ ಅನ್ನಿಸಬಹುದು, ಹೆರಿಗೆಯಾಗಿ ಕೆಲವು ತಿಂಗಳು ಕಳೆಯುವವರೆಗೆ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ. ಆದರೆ ಐದು ತಿಂಗಳು ದಾಟಿದ ಮೇಲೆ ಜೋರು ತಲೆನೋವು, ಕಣ್ಣು ಮಂಜು, ಮಿಂಚು ಹೊಡೆದಂತೆ ಕಾಣುವುದು ಇದ್ದರೆ ‘ನನ್ನದು ಕಣ್ಣಿನ ಪ್ರೆಶರ್, ಅದಕ್ಕೇ’ ಅಂತ ಸುಮ್ನೆ ಕೂರಬೇಡಿ. ಕಣ್ಣಿನ ಪ್ರೆಶರ್ ಬೇರೆ, ಬಿಪಿ ಬೇರೆ. ಅದು ಬಸಿರಿನ ಬಿಪಿ ಏರಿದ ಲಕ್ಷಣ ಇರಬಹುದು, ಆ ಗಳಿಗೆಯಲ್ಲೇ ಹೆರಿಗೆ ಆಸ್ಪತ್ರೆಗೆ ಓಡಿ.

ನಮ್ಮ ಕಡೆ ಸೀಮಂತ ಮುಗಿಸಿಕೊಂಡು ತವರಿಗೆ ಹೋಗುತ್ತಾರಲ್ವಾ, ಎಷ್ಟೋ ಜನರ ಚಿಕಿತ್ಸೆ ತಪ್ಪುವುದು ಅಲ್ಲೇ. ಹನಿ ಮುಗಿದಿರುತ್ತದೆ, ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ‘ಇನ್ನೇನು ಹೆರಿಗೆ ಆಗುತ್ತಲ್ಲ’ ಅಂತ ಬಿಟ್ಟುಬಿಡುತ್ತಾರೆ. ಹೋಗುವ ಮುಂಚೆ ಎರಡು ತಿಂಗಳಿಗಾಗುವಷ್ಟು ಸೀಸೆ ತೆಗೆದುಕೊಳ್ಳಿ. ತೆರೆದ ಸೀಸೆ ಸಾಮಾನ್ಯವಾಗಿ ಒಂದು ತಿಂಗಳಷ್ಟೇ, ತೆರೆದ ತಾರೀಕು ಅದರ ಮೇಲೆ ಬರೆದಿಡಿ. ತಾಯಿ ಕಾರ್ಡಿನಲ್ಲಿ ‘ಗ್ಲಾಕೋಮಾ ಇದೆ’ ಅಂತ, ಜೊತೆಗೆ ಹನಿಗಳ ಹೆಸರು ಬರೆಸಿ. ಯಾವ ಊರಿನಲ್ಲಿ ಹೆರಿಗೆಯಾದರೂ ಅಲ್ಲಿನ ಡಾಕ್ಟರ್ ಮೊದಲು ನೋಡುವುದು ಆ ಕಾರ್ಡನ್ನೇ.

ಸಿಸೇರಿಯನ್ ವಿಷಯ: ಗ್ಲಾಕೋಮಾ ಇದೆ ಅನ್ನುವ ಒಂದೇ ಕಾರಣಕ್ಕೆ ಬೇಕಿಲ್ಲ. ಮುಕ್ಕುವಾಗ ಪ್ರೆಶರ್ ಏರುತ್ತದೆ, ನಿಲ್ಲಿಸಿದ ಕೂಡಲೇ ಇಳಿಯುತ್ತದೆ. ನಿಮ್ಮಂಥವರಿಗೆ ನಾರ್ಮಲ್ ಹೆರಿಗೆಗೆ ಅಡ್ಡಿಯಿಲ್ಲ. ನರ ತೀರಾ ಸವೆದವರು, ಕಣ್ಣಿನ ಆಪರೇಷನ್ ಆದವರು ಮಾತ್ರ ಇಬ್ಬರೂ ಡಾಕ್ಟರುಗಳು ಒಮ್ಮೆ ಮಾತಾಡಿಕೊಳ್ಳುವಂತೆ ಮಾಡಬೇಕು.

ಪ್ರಶ್ನೆ: ನನಗೆ ಹೆರಿಗೆಯಾಗಿ 20 ದಿನ. ಬಸಿರಲ್ಲಿ ಹಾಕುತ್ತಿದ್ದ ಬ್ರಿಮೊನಿಡಿನ್ ಹನಿಯನ್ನು ಮತ್ತೆ ಶುರು ಮಾಡಿದ್ದೇನೆ. ಎದೆಹಾಲು ಕೊಡುತ್ತಿದ್ದೇನೆ, ತೊಂದರೆ ಇಲ್ಲ ತಾನೇ?
– ಓದುಗರು, ದಾವಣಗೆರೆ

ಉತ್ತರ: ತೊಂದರೆ ಇದೆ. ಮುಂದಿನ ಹನಿ ಹಾಕುವ ಮುಂಚೆಯೇ ನಿಮ್ಮ ಕಣ್ಣಿನ ಡಾಕ್ಟರ್‌ಗೆ ಫೋನ್ ಮಾಡಿ ಬದಲಿಸಿಕೊಳ್ಳಿ. ಈ ಔಷಧಿ ಹಸುಗೂಸಿನ ಮೆದುಳಿಗೆ ಮಂಪರು ಕವಿಸುತ್ತದೆ, ಉಸಿರಾಟ ನಿಧಾನವಾಗಬಹುದು. ಎರಡು ವರ್ಷದೊಳಗಿನ ಮಕ್ಕಳ ಕಣ್ಣಿಗೆ ಇದನ್ನು ಹಾಕುವುದೇ ಇಲ್ಲ. ಮಗು ಎಬ್ಬಿಸಿದರೂ ಏಳುತ್ತಿಲ್ಲ, ಹಾಲು ಕುಡಿಯುತ್ತಿಲ್ಲ, ಮೈ ತಣ್ಣಗಿದೆ, ಉಸಿರು ನಿಂತು ನಿಂತು ಬರುತ್ತಿದೆ ಅನ್ನಿಸಿದರೆ ಮಕ್ಕಳ ಆಸ್ಪತ್ರೆಗೆ ತಕ್ಷಣ ಹೋಗಿ, ಸೀಸೆಯನ್ನೂ ತೆಗೆದುಕೊಂಡು ಹೋಗಿ. ಎದೆಹಾಲು ನಿಲ್ಲಿಸುವುದು ಬೇಡ, ಹಾಲೂಡಿಸುವಾಗ ಬಳಸಬಹುದಾದ ಬೇರೆ ಹನಿಗಳಿವೆ. ಅವನ್ನು ಹಾಲು ಕುಡಿಸಿದ ಕೂಡಲೇ ಹಾಕಿಕೊಂಡು ಮೂಲೆ ಒತ್ತಿ ಹಿಡಿದರೆ ಮುಂದಿನ ಹಾಲಿನ ಹೊತ್ತಿಗೆ ರಕ್ತದಲ್ಲಿ ಅಂಶ ಇಳಿದಿರುತ್ತದೆ. ಬಾಣಂತನದ ಎಣ್ಣೆ ಸ್ನಾನ ಮಾಡಿ, ಆದರೆ ನಿಮ್ಮ ಕಣ್ಣಿಗಾಗಲಿ ಮಗುವಿನ ಕಣ್ಣಿಗಾಗಲಿ ಎಣ್ಣೆ, ಎದೆಹಾಲು ಹಾಕಬೇಡಿ.

ಪ್ರಶ್ನೆ: ನಮ್ಮದು ಸೋದರಮಾವನ ಜೊತೆ ಮದುವೆ. ಮೊದಲ ಮಗುವಿಗೆ ಹುಟ್ಟಿನಿಂದಲೇ ಗ್ಲಾಕೋಮಾ, ಮೂರು ತಿಂಗಳಿಗೇ ಆಪರೇಷನ್ ಆಯಿತು. ಎರಡನೇ ಮಗು ಬೇಕು ಅನ್ನಿಸುತ್ತದೆ, ಧೈರ್ಯ ಸಾಲುತ್ತಿಲ್ಲ.
– ಓದುಗರು, ಕೊಪ್ಪಳ

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನೀವು ಮಾಡಿದ ಯಾವ ತಪ್ಪಿನಿಂದಲೂ ಇದು ಬಂದದ್ದಲ್ಲ, ಇದನ್ನು ಮನೆಯವರಿಗೂ ಓದಿ ಹೇಳಿ. ಹುಟ್ಟಿನಿಂದ ಬರುವ ಗ್ಲಾಕೋಮಾ ಬಹಳ ಸಲ ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಜೀನ್ ಸಿಕ್ಕಾಗ ಬರುತ್ತದೆ. ಒಂದೇ ರಕ್ತಸಂಬಂಧವಾದ್ದರಿಂದ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಅಂದರೆ ಮುಕ್ಕಾಲು ಪಾಲು ಮಗುವಿಗೆ ಏನೂ ಆಗದಿರುವ ಸಾಧ್ಯತೆ. ಬಸಿರಾಗುವ ಮುಂಚೆ ಮೊದಲ ಮಗುವಿನದೂ ನಿಮ್ಮಿಬ್ಬರದೂ ರಕ್ತದ ಜೀನ್ ಪರೀಕ್ಷೆ ಮಾಡಿಸಿ, ಜೆನೆಟಿಕ್ ಕೌನ್ಸೆಲಿಂಗ್ ಮಾಡುವ ಡಾಕ್ಟರನ್ನು ಕಾಣಿ. ಬೆಂಗಳೂರಿಗೆ ಬರುವುದಾದರೆ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ, ವಾಣಿವಿಲಾಸ ಹೆರಿಗೆ ಆಸ್ಪತ್ರೆ ಎರಡೂ ಕೆ.ಆರ್. ಮಾರ್ಕೆಟ್ ಹತ್ತಿರವೇ ಇವೆ. ಮಗು ಹುಟ್ಟಿದ ಮೊದಲ ವಾರದಲ್ಲೇ ಕಣ್ಣು ತೋರಿಸಿ. ಏನೂ ಇಲ್ಲ ಅಂದರೂ ಅಷ್ಟಕ್ಕೇ ಬಿಡದೆ, ಒಂದು ವರ್ಷದವರೆಗೆ ಕೆಲವು ತಿಂಗಳಿಗೊಮ್ಮೆ ತೋರಿಸುತ್ತಿರಿ. ಕಪ್ಪುಗುಡ್ಡೆ ದೊಡ್ಡದಾಗಿ ಕಂಡರೆ, ಅದರ ಮೇಲೆ ಬೂದು ಮಬ್ಬು ಬಂದರೆ, ಕಣ್ಣಲ್ಲಿ ನೀರು ಸುರಿದರೆ, ಬಾಗಿಲ ಬೆಳಕಿಗೆ ಮಗು ಮುಖ ಮುಚ್ಚಿಕೊಂಡರೆ ಮಾರನೇ ದಿನಕ್ಕೆ ಕಾಯಬೇಡಿ. ‘ಎಷ್ಟು ಚೆಂದ, ದೊಡ್ಡ ಕಣ್ಣು’ ಅಂತ ಬಂದವರೆಲ್ಲ ಹೊಗಳಿದರೂ ನೀವು ಒಮ್ಮೆ ತೋರಿಸಿಕೊಂಡೇ ಬನ್ನಿ.